ನಗೆಯ ಮನಶ್ಶಾಸ್ತ್ರ ಮತ್ತು ರೈತ ಕುಟುಂಬದ ಆರೋಗ್ಯ

(ಶಿವಮೊಗ್ಗ ಮತ್ತು ಭದ್ರಾವತಿ ಭಾಗದ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



ಬೆಳೆಯ ಆರೋಗ್ಯವನ್ನು ಎಲೆ ನೋಡಿ ತಿಳಿಯುವುದು ರೈತನಿಗೆ ಹೊಸದಲ್ಲ. ಭತ್ತದ ಪೈರಿನಲ್ಲಿ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆ, ಹೊಸ ಎಲೆಗಳು ಬಿಳಿಚಿಕೊಂಡರೆ ಕಬ್ಬಿಣದ ಕೊರತೆ, ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಕೊರತೆ ಎಂದು ಗುರುತಿಸಲು ಅನೇಕರು ಕಲಿತಿದ್ದಾರೆ. ಆದರೆ ಆ ಪೈರನ್ನು ಬೆಳೆಯುವ ಮನುಷ್ಯನ ಆರೋಗ್ಯವನ್ನು ಯಾವುದನ್ನು ನೋಡಿ ತಿಳಿಯಬೇಕು? ರಕ್ತದ ಒತ್ತಡ, ಸಕ್ಕರೆ ಅಂಶ ಮುಂತಾದವುಗಳನ್ನು ವೈದ್ಯರು ಅಳೆದು ಹೇಳುತ್ತಾರೆ. ಯಾವ ಉಪಕರಣವೂ ಇಲ್ಲದೆ ಮನೆಯವರೇ, ನೆರೆಹೊರೆಯವರೇ ಗಮನಿಸಬಹುದಾದ ಲಕ್ಷಣವೂ ಒಂದುಂಟು. ಅದು ನಗು.

ನಗು ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ನಗು ಎಲ್ಲ ರೋಗಕ್ಕೂ ಮದ್ದು ಎಂದು ಹೇಳುವವರೂ ಇದ್ದಾರೆ. ಇದರಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ, ನಗು ಹೇಗೆ ಹುಟ್ಟುತ್ತದೆ, ಮನೆಯಲ್ಲಿ ಒಬ್ಬರ ನಗು ನಿಂತುಹೋದರೆ ಏನು ಮಾಡಬೇಕು ಎಂಬ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ನಗು ಎಂದರೇನು?

ನಗು ಮೊದಲಿಗೆ ಉಸಿರಾಟದ ಒಂದು ಕ್ರಿಯೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ತೆಳುವಾದ ಸ್ನಾಯು ಪದರ ಮತ್ತು ಪಕ್ಕೆಯ ಸ್ನಾಯುಗಳು ಬಿಟ್ಟುಬಿಟ್ಟು ಕುಗ್ಗಿದಾಗ, ಹೊರಗೆ ಹೋಗುವ ಉಸಿರು ತುಂಡುತುಂಡಾಗಿ ಕತ್ತರಿಸಿಕೊಂಡು 'ಹ, ಹ, ಹ' ಎಂಬ ಸದ್ದಾಗಿ ಕೇಳಿಸುತ್ತದೆ. ಈ ಸದ್ದುಗಳು ಸುಮಾರು ಸೆಕೆಂಡಿನ ಐದನೆಯ ಒಂದು ಭಾಗಕ್ಕೊಮ್ಮೆ ಮರುಕಳಿಸುತ್ತವೆ. ಮಗು ಮಾತು ಕಲಿಯುವುದಕ್ಕೆ ಬಹಳ ಮುಂಚೆಯೇ, ಸುಮಾರು ಮೂರು ನಾಲ್ಕು ತಿಂಗಳಲ್ಲಿಯೇ, ನಗತೊಡಗುತ್ತದೆ. ಹುಟ್ಟಿನಿಂದ ಕಣ್ಣೂ ಕಿವಿಯೂ ಇಲ್ಲದ ಮಕ್ಕಳು ಕೂಡ ನಗುತ್ತಾರೆ. ಇದರಿಂದ ನಗುವನ್ನು ಯಾರೂ ನೋಡಿ ಕಲಿಯಬೇಕಾಗಿಲ್ಲ, ಅದು ಹುಟ್ಟಿನಿಂದಲೇ ಬಂದದ್ದು ಎಂಬುದು ಸ್ಪಷ್ಟವಾಗುತ್ತದೆ.

ನಿಜವಾದ ನಗುವಿಗೂ ತೋರಿಕೆಯ ನಗುವಿಗೂ ಇರುವ ವ್ಯತ್ಯಾಸವನ್ನು ಫ್ರಾನ್ಸಿನ ವೈದ್ಯ ದ್ಯುಶೆನ್ 1862ರಷ್ಟು ಹಿಂದೆಯೇ ತೋರಿಸಿಕೊಟ್ಟರು. ತುಟಿಯ ಅಂಚನ್ನು ಮೇಲೆತ್ತುವ ಸ್ನಾಯು ನಮ್ಮ ಇಚ್ಛೆಗೆ ಒಳಪಟ್ಟದ್ದು. ಆದರೆ ಕಣ್ಣಿನ ಸುತ್ತಲಿನ ಸ್ನಾಯು ಸಾಮಾನ್ಯವಾಗಿ ಮನಸ್ಸು ಹಿಗ್ಗಿದಾಗ ಮಾತ್ರ ಅದರ ಜೊತೆಗೂಡುತ್ತದೆ. ಬಾಯಿ ನಕ್ಕರೂ ಕಣ್ಣು ನಗಲಿಲ್ಲ ಎಂದು ಹಳ್ಳಿಯ ಹಿರಿಯರು ಹೇಳುವ ಮಾತು ಹೀಗೆ ಶಾಸ್ತ್ರಕ್ಕೂ ಸರಿಹೊಂದುತ್ತದೆ.

ನಗುವಿನಲ್ಲಿ ಹಲವು ಬಗೆಗಳುಂಟೆಂದು ಭರತನ ನಾಟ್ಯಶಾಸ್ತ್ರ ಬಹು ಹಿಂದೆಯೇ ಗುರುತಿಸಿದೆ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂಬ ಆರು ಬಗೆಗಳನ್ನು ಅದು ಹೇಳುತ್ತದೆ. ಹಲ್ಲು ಕಾಣದ ನಸುನಗುವಿನಿಂದ ಆರಂಭಿಸಿ, ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಂಡು ನಗುವವರೆಗೆ ಈ ವಿಂಗಡಣೆ ಸಾಗುತ್ತದೆ. ನಮ್ಮ ಆಡುಮಾತು ಇನ್ನೂ ಮುಂದೆ ಹೋಗಿದೆ. ಮುಗುಳ್ನಗೆ, ಹುಸಿನಗೆ, ಕಳ್ಳನಗೆ, ಒಣನಗೆ, ಕುಹಕದ ನಗೆ, ಹೊಟ್ಟೆ ಹುಣ್ಣಾಗುವ ನಗು ಎಂಬ ಮಾತುಗಳು ಬಳಕೆಯಲ್ಲಿವೆ. ಒಣನಗೆ ಮತ್ತು ಹೊಟ್ಟೆ ಹುಣ್ಣಾಗುವ ನಗು ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬಾರದು ಎಂಬುದನ್ನು ಮುಂದಿನ ವಿವರಣೆಗಾಗಿ ನೆನಪಿನಲ್ಲಿಡುವುದು ಒಳ್ಳೆಯದು.

ನಗು ಏಕೆ ಬರುತ್ತದೆ?

ಈ ಪ್ರಶ್ನೆಗೆ ವಿದ್ವಾಂಸರು ಮುಖ್ಯವಾಗಿ ಮೂರು ಉತ್ತರಗಳನ್ನು ಕೊಟ್ಟಿದ್ದಾರೆ.

ಒಂದು, ನಿರೀಕ್ಷೆ ಹುಸಿಯಾದಾಗ ನಗು ಬರುತ್ತದೆ. ತಲೆಗೆ ಸುತ್ತಿಕೊಂಡ ಟವೆಲನ್ನೇ ಯಜಮಾನರು ಮನೆಯೆಲ್ಲ ಹುಡುಕಿಸುವಾಗ ಮಕ್ಕಳು ನಗುವುದು ಇದರಿಂದ. ಹದಿನೆಂಟನೆಯ ಶತಮಾನದ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಈ ಬಗೆಯ ವಿವರಣೆ ಕೊಟ್ಟರು. ಎರಡು, ಇನ್ನೊಬ್ಬರು ಎಡವಿದಾಗ ತಾನು ಮೇಲು ಎಂಬ ಭಾವನೆಯಿಂದ ನಗು ಬರುತ್ತದೆ. ಗದ್ದೆಯ ಬದುವಿನಲ್ಲಿ ಜಾರಿ ಕೆಸರಿಗೆ ಬಿದ್ದವನನ್ನು ಕಂಡು ಬದುವಿನ ಮೇಲೆ ನಿಂತವರು ನಗುವುದು ಈ ಜಾತಿಯದು. ಹದಿನೇಳನೆಯ ಶತಮಾನದ ಆಂಗ್ಲ ಚಿಂತಕ ಹಾಬ್ಸ್ ಇದನ್ನು ಎತ್ತಿ ಹೇಳಿದರು. ಮೂರು, ಅದುಮಿಟ್ಟ ಭಯ ಅಥವಾ ಒತ್ತಡ ಸಡಿಲವಾದಾಗ ನಗು ಬರುತ್ತದೆ. ರಾತ್ರಿ ನೀರು ಕಟ್ಟಲು ಹೋದವನು ಹಾವೆಂದು ಹೆದರಿ ಹಾರಿದ ಮೇಲೆ, ಅದು ಪಂಪಿನ ಪೈಪು ಎಂದು ತಿಳಿದು ತನ್ನಷ್ಟಕ್ಕೆ ತಾನೇ ನಗುತ್ತಾನೆ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1905ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಾಸ್ಯವನ್ನು ಈ ದಾರಿಯಲ್ಲಿ ವಿವೇಚಿಸಿದರು.

ಮೂರು ಉತ್ತರಗಳಲ್ಲಿಯೂ ನಿಜಾಂಶವಿದೆ. ಆದರೆ ಮೂರೂ ಹಾಸ್ಯದ ಪ್ರಸಂಗವನ್ನು ಕುರಿತು ಹೇಳುತ್ತವೆ. ದಿನನಿತ್ಯದ ನಗುವನ್ನು ಎಣಿಸಿ ನೋಡಿದವರಿಗೆ ಬೇರೊಂದು ಸಂಗತಿ ಕಂಡುಬಂತು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವಿನ್ ಮತ್ತು ಅವರ ವಿದ್ಯಾರ್ಥಿಗಳು ಜನ ಸೇರುವ ಕಡೆಗಳಲ್ಲಿ ಕುಳಿತು 1,200 ನಗುವಿನ ಸಂದರ್ಭಗಳನ್ನು ಬರೆದಿಟ್ಟರು. ಅವುಗಳಲ್ಲಿ ಹಾಸ್ಯವೆನ್ನಬಹುದಾದ ಮಾತಿನ ನಂತರ ಬಂದ ನಗು ಶೇಕಡಾ 10ರಿಂದ 20 ಮಾತ್ರ. ಉಳಿದದ್ದೆಲ್ಲ 'ಸರಿ, ನಾಳೆ ಸಿಗೋಣ' ಎಂಬಂತಹ ಸಾಧಾರಣ ಮಾತುಗಳ ಜೊತೆ ಬಂದ ನಗು. ಒಬ್ಬನೇ ಇರುವಾಗ ನಗುವುದಕ್ಕಿಂತ ಇತರರ ಜೊತೆಯಲ್ಲಿರುವಾಗ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದೂ ಅವರು ಕಂಡುಕೊಂಡರು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮಗುವಿನ ಕಂಕುಳಿಗೆ ಕಚಗುಳಿ ಇಟ್ಟರೆ ಅದು ಕಿಲಕಿಲನೆ ನಗುತ್ತದೆ. ಆದರೆ ತನಗೆ ತಾನೇ ಕಚಗುಳಿ ಇಟ್ಟುಕೊಂಡರೆ ಯಾರಿಗೂ ನಗು ಬರುವುದಿಲ್ಲ. ತನ್ನ ಕೈಯ ಸ್ಪರ್ಶವನ್ನು ಮಿದುಳು ಮೊದಲೇ ಊಹಿಸಿಕೊಂಡಿರುವುದೇ ಇದಕ್ಕೆ ಕಾರಣ. ನಗುವಿಗೆ ಇನ್ನೊಬ್ಬರು ಬೇಕು. ಜೋಕು ಇಲ್ಲದಿದ್ದರೂ ನಗು ಬರುತ್ತದೆ, ಜೊತೆ ಇಲ್ಲದಿದ್ದರೆ ಬರುವುದು ಕಡಿಮೆ.

ಕೂಡಿ ನಗುವ ಸ್ಥಳಗಳು

ಮಲೆನಾಡಿನಲ್ಲಿ ಕೂಡಿ ನಗುವುದಕ್ಕೆ ಪ್ರತ್ಯೇಕ ವ್ಯವಸ್ಥೆಯೇನೂ ಬೇಕಾಗಿರಲಿಲ್ಲ. ಕೆಲಸವೇ ಆ ಅವಕಾಶ ಒದಗಿಸುತ್ತಿತ್ತು. ಅಡಿಕೆ ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಕೊನೆಗಳು ಅಂಗಳಕ್ಕೆ ಬಂದು ಬಿದ್ದರೆ, ಅವನ್ನು ಹೆಚ್ಚು ದಿನ ಇಡುವಂತಿಲ್ಲ. ಹತ್ತಾರು ಜನ ಸಾಲಾಗಿ ಕುಳಿತು ರಾತ್ರಿ ಬಹಳ ಹೊತ್ತಿನವರೆಗೆ ಸುಲಿಯಬೇಕು. ಒಂದು ಕಡೆ ಒಲೆಯ ಮೇಲೆ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ ಹರಡಿರುತ್ತದೆ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ, ಬಾಯಿ ಖಾಲಿ. ಮದುವೆಯ ಸುದ್ದಿ, ಸಂತೆಯ ಸುದ್ದಿ, ಒಬ್ಬರನ್ನೊಬ್ಬರು ಕೆಣಕುವ ಮಾತು, ಒಗಟು, ಕಥೆ ಎಲ್ಲವೂ ಅಲ್ಲಿಯೇ. ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ನಾಟಿಯ ಸಾಲೂ ಹೀಗೆಯೇ. ಇವು ನಗೆಕೂಟವೆಂದು ಯಾರೂ ಹೆಸರಿಡಲಿಲ್ಲ. ಆದರೂ ವರ್ಷದಲ್ಲಿ ಅನೇಕ ದಿನ ಅಲ್ಲಿ ನಗು ತಾನಾಗಿಯೇ ಬೆಳೆಯುತ್ತಿತ್ತು.

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಯಕ್ಷಗಾನದ ರಾತ್ರಿಗಳಲ್ಲಿ ಹಾಸ್ಯಗಾರನ ಪಾತ್ರವನ್ನು ಗಮನಿಸಬಹುದು. ಅವನು ದೂತನಾಗಿಯೋ ಬ್ರಾಹ್ಮಣನಾಗಿಯೋ ಬಂದು ರಾಜನ ಮುಂದೆಯೇ ರಾಜನನ್ನು ಕೆಣಕಬಲ್ಲ. ನಡುರಾತ್ರಿ ತೂಕಡಿಸುವ ಸಭೆ ಅವನ ಪ್ರವೇಶದೊಡನೆ ಎದ್ದು ಕೂರುತ್ತದೆ. ಯುದ್ಧ, ಶೋಕ, ವಿಯೋಗಗಳ ನಡುವೆ ಹಾಸ್ಯಕ್ಕೆ ಜಾಗವಿಟ್ಟ ಹಿರಿಯರಿಗೆ ಮನಸ್ಸಿನ ಒತ್ತಡ ಸಡಿಲಿಸುವ ಅಗತ್ಯ ಚೆನ್ನಾಗಿ ತಿಳಿದಿತ್ತೆಂದೇ ಹೇಳಬೇಕು.

ಶಿವಮೊಗ್ಗದಿಂದ ಸ್ವಲ್ಪ ದೂರದ ಭದ್ರಾವತಿಯಲ್ಲಿ ಇದೇ ವಿಷಯ ಇನ್ನೊಂದು ರೂಪದಲ್ಲಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇವೆರಡರಿಂದ ಆ ಊರು ಬೆಳೆಯಿತು. ಸುತ್ತಲಿನ ಅನೇಕ ಕುಟುಂಬಗಳಿಗೆ ಒಂದು ಕಾಲು ಕಾರ್ಖಾನೆಯಲ್ಲಿ, ಇನ್ನೊಂದು ಕಾಲು ಗದ್ದೆಯಲ್ಲಿ. 1965ರಲ್ಲಿ ಅಲ್ಲಿಯೇ ಆಕಾಶವಾಣಿ ಕೇಂದ್ರವೂ ಆರಂಭವಾಯಿತು. ಅದಕ್ಕೆ ಮೊದಲು, 1959ರಿಂದ, ರೇಡಿಯೋ ಗ್ರಾಮೀಣ ಗೋಷ್ಠಿಗಳು ದೇಶದಾದ್ಯಂತ ಹರಡಿದ್ದವು. ಆ ದಿನಗಳಲ್ಲಿ ಒಂದು ರೇಡಿಯೋದ ಸುತ್ತ ಹತ್ತಾರು ಕಿವಿಗಳಿದ್ದವು. ಕೃಷಿ ಸಲಹೆಯನ್ನು ಕೇಳುವುದೂ ಅದರ ಬಗ್ಗೆ ತಮಾಷೆ ಮಾಡುವುದೂ ಒಟ್ಟಿಗೇ ನಡೆಯುತ್ತಿತ್ತು.

ಈಗ ಕಾಲ ಬದಲಾಗಿದೆ. ಅಡಿಕೆ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದು. ನಾಟಿ ಯಂತ್ರವೂ ಬಂದಿದೆ. ಭದ್ರಾವತಿಯ ಕಾಗದದ ಕಾರ್ಖಾನೆಯ ಉತ್ಪಾದನೆ 2010ರ ದಶಕದಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಗಿ ಊರೇ ಆತಂಕಕ್ಕೆ ಒಳಗಾಯಿತು. ಕೆಲಸ ಹೋದವನಿಗೆ ಸಂಬಳ ಮಾತ್ರ ಹೋಗುವುದಿಲ್ಲ. ಪಾಳಿ ಮುಗಿಸಿ ಚಹಾ ಕುಡಿಯುತ್ತಾ ಕೂಡಿ ನಗುತ್ತಿದ್ದ ಜೊತೆಯೂ ಹೋಗುತ್ತದೆ. ಹಳ್ಳಿಯ ಜಗಲಿಯ ಮೇಲೆ ನಾಲ್ವರು ಕುಳಿತರೂ ನಾಲ್ವರ ಕೈಯಲ್ಲೂ ಒಂದೊಂದು ಮೊಬೈಲ್ ಫೋನು. ಹಾಸ್ಯದ ದೃಶ್ಯಗಳು ಹಿಂದೆಂದಿಗಿಂತ ಹೆಚ್ಚಾಗಿ ಸಿಗುತ್ತವೆ. ಆದರೆ ಒಂಟಿಯಾಗಿ ನೋಡುವವನು ಹೆಚ್ಚೆಂದರೆ ಮೂಗಿನಿಂದ ಒಂದು ಉಸಿರು ಬಿಟ್ಟು ಮುಂದಿನ ದೃಶ್ಯಕ್ಕೆ ಹೋಗುತ್ತಾನೆ. ಯಂತ್ರ ಬೇಡವೆಂದು ಇದರ ಅರ್ಥವಲ್ಲ. ಆಳಿನ ಅಭಾವವಿರುವಾಗ ಯಂತ್ರ ಅನಿವಾರ್ಯ. ಕೆಲಸದ ಜೊತೆ ಪುಕ್ಕಟೆಯಾಗಿ ಸಿಗುತ್ತಿದ್ದ ಒಡನಾಟವನ್ನು ಇನ್ನು ಮುಂದೆ ಬೇರೆಯಾಗಿ ಒದಗಿಸಿಕೊಳ್ಳಬೇಕು ಎಂಬುದಷ್ಟೇ ತಾತ್ಪರ್ಯ.

ನಗುವಿನಿಂದ ದೇಹಕ್ಕೆ ಏನಾಗುತ್ತದೆ?

ಈ ಬಗ್ಗೆ ನಡೆದಿರುವ ಪ್ರಯೋಗಗಳಲ್ಲಿ ಕೆಲವನ್ನು ಇಲ್ಲಿ ಹೇಳಬಹುದು.

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಸ್ಯದ ದೃಶ್ಯ ನೋಡಿ ನಕ್ಕವರು ಆ ನಂತರ ನೋವನ್ನು ಮೊದಲಿಗಿಂತ ಹೆಚ್ಚು ತಾಳಿಕೊಂಡರು. ಬರಿದೆ ಹಿತವಾದ ದೃಶ್ಯ ನೋಡಿದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ನಗುವಾಗ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ, ನೋವು ಶಮನ ಮಾಡುವ ರಾಸಾಯನಿಕ ಬಿಡುಗಡೆಯಾಗುವುದೇ ಇದಕ್ಕೆ ಕಾರಣವೆಂದು ಅವರು ಅಭಿಪ್ರಾಯಪಟ್ಟರು. 2017ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಸ್ನೇಹಿತರ ಜೊತೆ ಕುಳಿತು ನಕ್ಕ 12 ಮಂದಿಯ ಮಿದುಳಿನ ಚಿತ್ರ ತೆಗೆದು, ಈ ಬಗೆಯ ರಾಸಾಯನಿಕಗಳು ನಿಜಕ್ಕೂ ಬಿಡುಗಡೆಯಾಗುತ್ತವೆಂದು ತೋರಿಸಿದರು. ದಿನವಿಡೀ ಬೆನ್ನು ಬಗ್ಗಿಸಿ ನಾಟಿ ಮಾಡುವವರು ನಡುನಡುವೆ ನಕ್ಕರೆ ಆಯಾಸ ಕಡಿಮೆಯೆನಿಸುವುದು ಏಕೆಂಬುದಕ್ಕೆ ಇದರಲ್ಲಿ ಸುಳಿವು ಸಿಗುತ್ತದೆ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಹೃದಯ ತಜ್ಞರು 20 ಮಂದಿ ಆರೋಗ್ಯವಂತರಿಗೆ ಒಮ್ಮೆ ನಗೆಯ ಚಲನಚಿತ್ರವನ್ನೂ ಇನ್ನೊಮ್ಮೆ ಯುದ್ಧದ ಭೀಕರ ದೃಶ್ಯವನ್ನೂ ತೋರಿಸಿ, ತೋಳಿನ ರಕ್ತನಾಳವನ್ನು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ನಕ್ಕಾಗ ರಕ್ತಸಂಚಾರ ಸರಾಸರಿ ಶೇಕಡಾ 22ರಷ್ಟು ಹೆಚ್ಚಿತು. ಮನಸ್ಸಿಗೆ ಒತ್ತಡವಾದಾಗ ಸುಮಾರು ಶೇಕಡಾ 35ರಷ್ಟು ಕುಗ್ಗಿತು. ನಗುವಿನಿಂದಾಗುವ ಲಾಭಕ್ಕಿಂತ ಚಿಂತೆಯಿಂದಾಗುವ ನಷ್ಟವೇ ಈ ಲೆಕ್ಕದಲ್ಲಿ ದೊಡ್ಡದಾಗಿರುವುದನ್ನು ಗಮನಿಸಬೇಕು.

ನಗುವನ್ನು ವ್ಯಾಯಾಮವೆಂದು ಹೊಗಳುವವರಿಗಾಗಿ ಇನ್ನೊಂದು ಅಂಕಿ ಅಂಶ. ದಿನಕ್ಕೆ 10ರಿಂದ 15 ನಿಮಿಷ ನಕ್ಕರೆ ಖರ್ಚಾಗುವ ಶಕ್ತಿ 10ರಿಂದ 40 ಕ್ಯಾಲೊರಿ ಮಾತ್ರ ಎಂದು 2007ರ ಅಮೆರಿಕದ ಒಂದು ಅಧ್ಯಯನ ಹೇಳುತ್ತದೆ. ಅರ್ಧ ಗಂಟೆ ಕಳೆ ಕಿತ್ತರೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಆದ್ದರಿಂದ ನಗುವಿನ ಬೆಲೆ ಬೊಜ್ಜು ಕರಗಿಸುವುದರಲ್ಲಿಲ್ಲ; ನೋವು, ಒತ್ತಡ, ಒಂಟಿತನ ಇವುಗಳನ್ನು ಹಗುರ ಮಾಡುವುದರಲ್ಲಿದೆ.

ನಗುವಿನ ಮಿತಿಗಳು

ಯಾವ ಗೊಬ್ಬರಕ್ಕೂ ಇರುವಂತೆ ನಗುವಿಗೂ ಮಿತಿಯುಂಟು. ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಅವರ ಉದಾಹರಣೆಯನ್ನು ಅನೇಕರು ಕೊಡುತ್ತಾರೆ. 1964ರಲ್ಲಿ ಬೆನ್ನೆಲುಬಿನ ತೀವ್ರ ಕಾಯಿಲೆಗೆ ತುತ್ತಾದ ಅವರು ಹಾಸ್ಯ ಚಿತ್ರಗಳನ್ನು ತರಿಸಿಕೊಂಡು ನೋಡಿದರು. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದೆ ನಿದ್ರೆ ಬರುತ್ತಿತ್ತೆಂದು 1976ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಇದು ಜಗತ್ತಿನ ಗಮನ ಸೆಳೆಯಿತು. ಆದರೆ ಅವರು ಅದೇ ಕಾಲದಲ್ಲಿ ಹೆಚ್ಚಿನ ಪ್ರಮಾಣದ 'ಸಿ' ಜೀವಸತ್ತ್ವವನ್ನೂ ತೆಗೆದುಕೊಳ್ಳುತ್ತಿದ್ದರು, ವೈದ್ಯರ ಉಪಚಾರವೂ ಇತ್ತು. ಹೋಲಿಸಿ ನೋಡಲು ಬೇರೆ ರೋಗಿ ಇರಲಿಲ್ಲ. ಒಂದೇ ತಾಕಿನಲ್ಲಿ ಎರಡು ಮೂರು ಗೊಬ್ಬರಗಳನ್ನು ಒಟ್ಟಿಗೆ ಹಾಕಿ, ಪಕ್ಕದಲ್ಲಿ ಏನೂ ಹಾಕದ ತಾಕನ್ನು ಬಿಡದಿದ್ದರೆ ಇಳುವರಿ ಯಾವುದರಿಂದ ಬಂತೆಂದು ಹೇಳಲಾಗದು. ಇದೂ ಹಾಗೆಯೇ.

ಡಾ. ಮದನ್ ಕಟಾರಿಯಾ ಅವರು 1995ರಲ್ಲಿ ಮುಂಬಯಿಯ ಉದ್ಯಾನವೊಂದರಲ್ಲಿ ಐದು ಜನರೊಂದಿಗೆ ಆರಂಭಿಸಿದ ನಗೆಕೂಟ ಇಂದು ಅನೇಕ ದೇಶಗಳಿಗೆ ಹರಡಿದೆ. ಬೆಳಗಿನ ಹೊತ್ತು ಕೂಡಿ, ಕೈ ಚಪ್ಪಾಳೆ ತಟ್ಟಿ, ಆರಂಭದಲ್ಲಿ ಬೇಕೆಂದೇ ನಕ್ಕರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಜವಾದ ನಗುವೇ ಬರುತ್ತದೆ. ಇಲ್ಲಿಯೂ ಕೆಲಸ ಮಾಡುವುದು ಜೊತೆಯೇ. ಆದರೆ ಇದರಿಂದ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದು, ರಕ್ತದ ಒತ್ತಡದ ಮಾತ್ರೆ ಬಿಡಬಹುದು ಎಂದು ಯಾರಾದರೂ ಹೇಳಿದರೆ ನಂಬಬಾರದು. ಉಬ್ಬಸವಿದ್ದವರಿಗೆ, ಅಂಡವಾಯುವಿನ ತೊಂದರೆಯುಳ್ಳವರಿಗೆ, ಇತ್ತೀಚೆಗೆ ಹೊಟ್ಟೆಯ ಶಸ್ತ್ರಕ್ರಿಯೆ ಆದವರಿಗೆ ಜೋರಾದ ನಗು ತೊಂದರೆ ಕೊಡಬಹುದು. ಅವರು ವೈದ್ಯರನ್ನು ಕೇಳಿ ಮುಂದುವರಿಯಬೇಕು.

ನಗುವೆಲ್ಲ ಸಂತೋಷವೂ ಅಲ್ಲ. ಆಫ್ರಿಕದ ಟಾಂಗನೀಕದ ಕಶಾಶ ಎಂಬಲ್ಲಿ 1962ರ ಜನವರಿ 30ರಂದು ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ಮೂವರು ಹುಡುಗಿಯರಿಗೆ ತಡೆಯಲಾಗದ ನಗು ಆರಂಭವಾಯಿತು. ಅದು 159 ಮಕ್ಕಳಲ್ಲಿ 95 ಮಂದಿಗೆ ಹಬ್ಬಿ, ಶಾಲೆಯನ್ನೇ ಮುಚ್ಚಬೇಕಾಯಿತು. ಅಳು, ಚಡಪಡಿಕೆಗಳೂ ಅದರ ಜೊತೆಗಿದ್ದವು. ಅದು ಮನಸ್ಸಿನ ಒತ್ತಡ ನಗುವಿನ ರೂಪದಲ್ಲಿ ಹೊರಬಿದ್ದುದೆಂದು ಪರಿಣತರು ವಿವರಿಸಿದ್ದಾರೆ.

ನೋಯಿಸುವ ನಗು

ಹಳ್ಳಿಯಲ್ಲಿ ಇನ್ನೊಂದು ಬಗೆಯ ನಗುವಿನ ಹಾನಿ ಹೆಚ್ಚು. ಒಬ್ಬರ ಜೊತೆ ನಗುವುದು ಬೇರೆ, ಒಬ್ಬರನ್ನು ನೋಡಿ ನಗುವುದು ಬೇರೆ. ಸಾಲ ತೀರಿಸಲಾಗದೆ ನೋಟೀಸು ಬಂದವನಿಗೆ ಹಣದ ಚಿಂತೆಗಿಂತ, ಊರ ಮುಂದೆ ನಗೆಪಾಟಲಾದೆನಲ್ಲ ಎಂಬ ಚಿಂತೆ ಹೆಚ್ಚಾಗಿ ಕಾಡುವುದುಂಟು. ಅವನು ಸಂತೆಗೆ ಹೋಗುವುದನ್ನು ಬಿಡುತ್ತಾನೆ, ಸೊಸೈಟಿಯ ಸಭೆಗೆ ಬರುವುದನ್ನು ಬಿಡುತ್ತಾನೆ, ಮದುವೆ ಮನೆಗೂ ಹೋಗುವುದಿಲ್ಲ. ಜೊತೆ ಹೋಯಿತೆಂದರೆ ನಗುವೂ ಹೋಯಿತು.

ಹೊಸ ಪದ್ಧತಿಗಳು ಹಳ್ಳಿಗೆ ಬಾರದಿರುವುದಕ್ಕೂ ಈ ನಗು ಒಂದು ಕಾರಣ. ಭತ್ತದ ಶ್ರೀ ಪದ್ಧತಿಯಲ್ಲಿ 8ರಿಂದ 12 ದಿನಗಳ ಎಳೆಯ ಸಸಿಯನ್ನು 25 ಸೆಂ.ಮೀ. ಅಂತರದಲ್ಲಿ ಒಂದೊಂದಾಗಿ ನೆಟ್ಟಾಗ ಮೊದಮೊದಲು ಗದ್ದೆ ಬರಿದಾಗಿ ಕಾಣುತ್ತದೆ. ದಾರಿಯಲ್ಲಿ ಹೋಗುವವರು ನಗುತ್ತಾರೆ. ತೆಂಡೆಯೊಡೆದು ಗದ್ದೆ ತುಂಬುವವರೆಗೆ ಆ ನಗುವನ್ನು ತಾಳಿಕೊಳ್ಳುವುದು ಎಲ್ಲರಿಂದಲೂ ಆಗದು. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಸಭೆಗಳಲ್ಲಿ ಸೋತ ಬೆಳೆಯನ್ನು, ಅದನ್ನು ಬೆಳೆದ ರೈತನನ್ನು ತಮಾಷೆಯ ವಸ್ತು ಮಾಡಬಾರದು. ಸಭೆಗೆ ನಗು ಬೇಕೆನಿಸಿದರೆ ತಮ್ಮನ್ನೇ ಕುರಿತು ಒಂದು ಮಾತು ಹೇಳಿಕೊಂಡರೆ ಸಾಕು.

ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದೆಂಬ ಗಾದೆಯೊಂದು ಪ್ರಚಾರದಲ್ಲಿದೆ. ಆರೋಗ್ಯದ ದೃಷ್ಟಿಯಿಂದ ಇಷ್ಟು ಹಾನಿಕರವಾದ ಗಾದೆ ಮತ್ತೊಂದಿಲ್ಲ. ಗಂಡಸಿಗೆ ದುಃಖ ತೋಡಿಕೊಳ್ಳುವ ದಾರಿಯನ್ನೂ ಹೆಂಗಸಿಗೆ ಮನಸ್ಸು ಹಗುರ ಮಾಡಿಕೊಳ್ಳುವ ದಾರಿಯನ್ನೂ ಇದು ಒಟ್ಟಿಗೆ ಮುಚ್ಚುತ್ತದೆ. ಸೊಸೆ ಅಡುಗೆ ಮನೆಯಲ್ಲಿ ಜೋರಾಗಿ ನಕ್ಕರೆ ಆ ಮನೆ ಕ್ಷೇಮವಾಗಿದೆ ಎಂದೇ ತಿಳಿಯಬೇಕು.

ನಗು ನಿಂತುಹೋದಾಗ

ನಗುವನ್ನೂ ಮನಸ್ಸಿನ ಕಾಯಿಲೆಯನ್ನೂ ಒಟ್ಟಿಗೆ ಅರಿತ ಹಿರಿಯರು ಕನ್ನಡದಲ್ಲಿ ಆಗಿಹೋಗಿದ್ದಾರೆ. 'ರಾಶಿ' ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿ 1967ರವರೆಗೆ ನಡೆಸಿ ನಾಡನ್ನು ನಗಿಸಿದರು. ಅದೇ ಲೇಖನಿಯಿಂದ ಮನೋರೋಗಗಳನ್ನು ಕುರಿತ 'ಮನಮಂಥನ' ಎಂಬ ಗ್ರಂಥ ಬರೆದರು. ಅದಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸಬಲ್ಲವರಾಗಿದ್ದರೂ ಮನೋರೋಗಕ್ಕೆ ನಗುವೇ ಸಾಕು ಎಂದುಕೊಳ್ಳದೆ, ಅದನ್ನು ರೋಗವೆಂದೇ ಕಂಡು ಬರೆದದ್ದು ಗಮನಾರ್ಹ. ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ದಶಕಗಳ ಕಾಲ ಚಿಕಿತ್ಸೆ ನೀಡುತ್ತಾ, ಕನ್ನಡದಲ್ಲಿ ಬರೆಯುತ್ತಾ, 1988ರ 'ಕಾಡಿನ ಬೆಂಕಿ'ಯಂತಹ ಚಲನಚಿತ್ರಕ್ಕೆ ಕಥೆ ಒದಗಿಸುತ್ತಾ ಮನಸ್ಸಿನ ಕಾಯಿಲೆಯ ಬಗ್ಗೆ ಇದ್ದ ನಾಚಿಕೆಯನ್ನು ಕಡಿಮೆ ಮಾಡಲು ದುಡಿದರು. ಅವರು 2016ರಲ್ಲಿ ನಿಧನರಾದರು. ಮನಸ್ಸಿನ ಡಾಕ್ಟರ ಬಳಿ ಹೋಗುವುದು ಹುಚ್ಚಿನ ಗುರುತಲ್ಲ ಎಂಬ ತಿಳಿವಳಿಕೆ ಈ ಭಾಗದಲ್ಲಿ ಹರಡಿದ್ದರೆ ಅದರಲ್ಲಿ ಅವರ ಶ್ರಮದ ಪಾಲು ದೊಡ್ಡದು.

ಕೊಳೆರೋಗ ತಗುಲಿದಾಗ, ಎಲೆಚುಕ್ಕೆ ರೋಗ ತೋಟವನ್ನು ಒಣಗಿಸಿದಾಗ, ಧಾರಣೆ ಬಿದ್ದಾಗ ಯಾರಿಗೂ ನಗು ಬರುವುದಿಲ್ಲ. ನಾಲ್ಕು ದಿನ ಮೌನವಾಗಿರುವುದು ಸಹಜ. ಆದರೆ ಎರಡು ವಾರ ಕಳೆದರೂ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಬಾರದಿದ್ದರೆ, ಮೊಮ್ಮಗುವಿನ ಆಟಕ್ಕೂ ಮುಖ ಅರಳದಿದ್ದರೆ, ಅದರ ಜೊತೆಗೆ ನಿದ್ದೆಗೇಡು, ಊಟ ಸೇರದಿರುವುದು, ಸದಾ ಸುಸ್ತು, ಸಣ್ಣ ಮಾತಿಗೂ ಸಿಡುಕು, ಕುಡಿತ ಹೆಚ್ಚುವುದು, ತಾನು ಮನೆಗೆ ಭಾರ ಎನ್ನುವ ಮಾತು ಕಂಡುಬಂದರೆ ಅದು ಖಿನ್ನತೆ ಎಂಬ ಕಾಯಿಲೆಯ ಸೂಚನೆಯಾಗಿರಬಹುದು. ಆಗ 'ಸ್ವಲ್ಪ ನಗುನಗುತ್ತಾ ಇರಪ್ಪ' ಎಂದು ಹೇಳುವುದರಿಂದ ಪ್ರಯೋಜನವಿಲ್ಲ. ಹಳದಿ ಎಲೆಗೆ ಹಸಿರು ಬಣ್ಣ ಬಳಿದಂತಾಗುತ್ತದೆ ಅಷ್ಟೆ. ಬೇರಿಗೆ ಬೇಕಾದದ್ದನ್ನು ಕೊಡಬೇಕು.

ಕೆಲವರು ಹೊರಗೆ ನಗುತ್ತಲೇ ಒಳಗೆ ಬೇಯುತ್ತಿರುತ್ತಾರೆ ಎಂಬುದನ್ನೂ ಮರೆಯಬಾರದು. ಒಣನಗೆಯನ್ನು ಗುರುತಿಸಬಲ್ಲವರು ಜೊತೆಗಿರುವವರು ಮಾತ್ರ. ಅನುಮಾನ ಬಂದರೆ ಪಕ್ಕದಲ್ಲಿ ಕುಳಿತು 'ಬದುಕು ಸಾಕೆನಿಸುತ್ತಿದೆಯೇ?' ಎಂದು ನೇರವಾಗಿ ಕೇಳಬೇಕು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬ ಭಯ ಬೇಡ. ಕೇಳುವವರಿದ್ದಾರೆ ಎಂಬುದೇ ದೊಡ್ಡ ಆಸರೆ.

ಅನುಸರಿಸಬಹುದಾದ ಕ್ರಮಗಳು

1. ದಿನಕ್ಕೊಮ್ಮೆ, ಸಾಧ್ಯವಾದರೆ ರಾತ್ರಿ ಊಟದ ಹೊತ್ತು, ಮನೆಯವರೆಲ್ಲ ಟಿ.ವಿ. ಮತ್ತು ಮೊಬೈಲ್ ಬದಿಗಿಟ್ಟು ಒಟ್ಟಿಗೆ ಕೂರುವ ರೂಢಿ ಮಾಡಿಕೊಳ್ಳಿ. ನಗಬೇಕೆಂಬ ನಿಯಮ ಬೇಡ. ಕೂಡಿ ಕುಳಿತರೆ ನಗು ತಾನಾಗಿ ಬರುತ್ತದೆ.

2. ಯಂತ್ರದಿಂದ ಉಳಿದ ಹೊತ್ತಿನಲ್ಲಿ ಸ್ವಲ್ಪವನ್ನು ಒಡನಾಟಕ್ಕೆ ಮೀಸಲಿಡಿ. ಭಜನಾ ಮಂಡಳಿ, ಸ್ವಸಹಾಯ ಸಂಘ, ತಾಳಮದ್ದಳೆ, ಹಾಲಿನ ಡೇರಿಯ ಕಟ್ಟೆ ಯಾವುದಾದರೂ ಆದೀತು.

3. ಸಭೆಗೆ ಬರುವುದನ್ನು ನಿಲ್ಲಿಸಿದ ಸದಸ್ಯನ ಮನೆಗೆ ವಿಸ್ತರಣಾ ಕಾರ್ಯಕರ್ತರು ಅಥವಾ ಸಂಘದವರು ಒಮ್ಮೆ ಹೋಗಿ ಬರಲಿ. ಬೆಳೆಯ ವಿಚಾರ ಕೇಳಿದ ಮೇಲೆ ಅವನ ನಿದ್ದೆ, ಊಟದ ವಿಚಾರವನ್ನೂ ಕೇಳಲಿ.

4. ಸಾಲ, ಸೋಲು, ರೂಪ, ಜಾತಿ, ಬಂಜೆತನ ಇವುಗಳನ್ನು ಹಾಸ್ಯಕ್ಕೆ ಬಳಸಬೇಡಿ. ಮಕ್ಕಳಿಗೂ ಇದನ್ನು ಕಲಿಸಿ.

5. ಕೀಟನಾಶಕಗಳನ್ನು ಮನೆಯ ಅಟ್ಟದಲ್ಲಿ ಬಿಡುಬೀಸಾಗಿ ಇಡಬೇಡಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಕೀಲಿಯನ್ನು ನೆಮ್ಮದಿಯಿಂದಿರುವ ಒಬ್ಬರ ಬಳಿ ಇರಿಸಿ. ಬೇಕಾದಷ್ಟೇ ಕೊಳ್ಳಿ. ದುಡುಕಿನ ಒಂದು ಗಳಿಗೆ ದಾಟಿದರೆ ಅನೇಕ ಜೀವಗಳು ಉಳಿಯುತ್ತವೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಬಹಳವಾಗಿ ಇಳಿದಿರುವುದು ಇದಕ್ಕೆ ಸಾಕ್ಷಿ.

6. ಎರಡು ವಾರಕ್ಕೂ ಮೀರಿ ಮೇಲಿನ ಲಕ್ಷಣಗಳಿದ್ದರೆ ವೈದ್ಯರನ್ನು ಕಾಣಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆಯ ದಿನ ಯಾವುದೆಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ಕೇಳಿ ತಿಳಿದುಕೊಳ್ಳಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ದೂರವಾಣಿ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

7. ವೈದ್ಯರು ಕೊಟ್ಟ ಔಷಧವನ್ನು, ಮುಖದಲ್ಲಿ ಸ್ವಲ್ಪ ಗೆಲುವು ಕಂಡೊಡನೆ ನಿಲ್ಲಿಸಬೇಡಿ. ಅವರು ಹೇಳಿದಷ್ಟು ಕಾಲ ಕೊಡಿ.

ರೈತ ಬಾಂಧವರೇ, ಮಣ್ಣು ಪರೀಕ್ಷೆಗೆ ಪ್ರಯೋಗಶಾಲೆ ಬೇಕು, ರಕ್ತ ಪರೀಕ್ಷೆಗೆ ಆಸ್ಪತ್ರೆ ಬೇಕು. ಮನೆಯ ನಗುವಿನ ಪರೀಕ್ಷೆಗೆ ಮನೆಯವರ ಕಿವಿಯೇ ಸಾಕು. ಈ ವಾರ ನಿಮ್ಮ ಮನೆಯಲ್ಲಿ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ನಗದವರ ಪಕ್ಕದಲ್ಲಿ ಇಂದು ಸಂಜೆಯೇ ಹೋಗಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.